ಗುಂಡಿ ಒತ್ತಿದವರ ತಪ್ಪಲ್ಲ

— ಚಿಕ್ಕಮ್ಮ, ಬಿ.ಇ. ಕೊನೆಯ ಸೆಮಿಸ್ಟರ್‌ಗೆ ಬಂತು. ಕೋಡ್ ಬರೆಯೋಕೆ ಬರುತ್ತೆ, ಆದರೆ ಮನಸ್ಸು ನೀವು ಮಾಡೋ ಇಂಟರ್‌ಫೇಸ್ ವಿನ್ಯಾಸದ ಕೆಲಸದ ಕಡೆಗೇ ಎಳೀತಿದೆ. ಕ್ಲಾಸಿನಲ್ಲಿ ಯಾರಿಗಾದರೂ ಹೇಳಿದರೆ, ‘ಸ್ಕ್ರೀನಿಗೆ ಬಣ್ಣ ಹಚ್ಚೋಕೆ ಇಂಜಿನಿಯರಿಂಗ್ ಯಾಕೆ ಓದಬೇಕಿತ್ತು’ ಅಂತಾರೆ. ಅವರಿಗೆ ಏನು ಉತ್ತರ ಕೊಡೋದು?

— ಇದು ಬಣ್ಣದಿಂದ ಹುಟ್ಟಿದ ವಿದ್ಯೆ ಅಲ್ಲ ಕಣೇ, ವಿಮಾನಗಳು ಕುಸಿದದ್ದರಿಂದ ಹುಟ್ಟಿದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರ್‌ಗಳು ಸುಖವಾಗಿ ರನ್‌ವೇಗೆ ಇಳಿದ ಮೇಲೆ ಹೊಟ್ಟೆಯಡಿಯಾಗಿ ಕುಸಿದುಬಿಡುತ್ತಿದ್ದವು. ಪೈಲಟ್ ರೆಕ್ಕೆಯ ಫ್ಲ್ಯಾಪ್ ಮಡಚಲು ಹೋಗಿ ಚಕ್ರಗಳನ್ನೇ ಮಡಚಿಬಿಡುತ್ತಿದ್ದ. ‘ಪೈಲಟ್ ತಪ್ಪು’ ಎಂದು ಬರೆದು ಕಡತ ಮುಚ್ಚುತ್ತಿದ್ದರು. ಆಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಆ ಕಾಕ್‌ಪಿಟ್ಟನ್ನೇ ಪರೀಕ್ಷಿಸಿದ. ಚಕ್ರದ ಸ್ವಿಚ್ಚು, ಫ್ಲ್ಯಾಪಿನ ಸ್ವಿಚ್ಚು ಎರಡೂ ಅಕ್ಕಪಕ್ಕ, ಎರಡಕ್ಕೂ ಒಂದೇ ಆಕಾರ. ದಣಿದು ಬಂದ ಪೈಲಟ್‌ನ ಬೆರಳು ಪಕ್ಕದ್ದಕ್ಕೆ ಹೋದರೆ ಅದು ಯಾರ ತಪ್ಪು? ಚಕ್ರದ ಹಿಡಿಗೆ ಪುಟ್ಟ ರಬ್ಬರ್ ಚಕ್ರ, ಫ್ಲ್ಯಾಪಿನ ಹಿಡಿಗೆ ಬೆಣೆಯಂಥ ತುಂಡು ಅಂಟಿಸಿದ. ಕಣ್ಣು ಹಾಯಿಸದೆ ಬೆರಳಿಗೇ ಗೊತ್ತಾಗುವ ಹಾಗಾಯಿತು. ಇವತ್ತೂ ಪ್ರಯಾಣಿಕ ವಿಮಾನಗಳಲ್ಲಿ ಚಕ್ರ ಇಳಿಸುವ ಹಿಡಿಯ ತುದಿ ಚಕ್ರದ ಆಕಾರದಲ್ಲೇ ಇರಬೇಕೆಂಬ ನಿಯಮ ಇದೆ. 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಅಂಥ 460 ‘ಪೈಲಟ್ ತಪ್ಪು’ಗಳನ್ನು ವಿಶ್ಲೇಷಿಸಿ ವರದಿ ಬರೆದರು. ನನ್ನ ವೃತ್ತಿಯ ಬೇರು ಅಲ್ಲಿದೆ. ನಿನ್ನ ಗೆಳೆಯರಿಗೆ ಇದನ್ನು ಹೇಳು.

— ಅದು ಯುದ್ಧವಿಮಾನ. ಸಾಫ್ಟ್‌ವೇರ್‌ನಲ್ಲಿ ಏನಾಗುತ್ತೆ? ಒಂದು ಬಟನ್ ಸರಿ ಇಲ್ಲದಿದ್ದರೆ ಜನಕ್ಕೆ ಸ್ವಲ್ಪ ಸಿಟ್ಟು ಬರಬಹುದು, ಅಷ್ಟೇ ಅಲ್ವಾ?

— ಥೆರಾಕ್-25 ಅಂತ ಕೇಳಿದ್ದೀಯಾ?

— ನಮ್ಮ ಸಾಫ್ಟ್‌ವೇರ್ ಇಂಜಿನಿಯರಿಂಗ್ ಪಠ್ಯದಲ್ಲಿ ಒಂದು ಪ್ಯಾರಾ ಇತ್ತು. ಕ್ಯಾನ್ಸರ್‌ಗೆ ವಿಕಿರಣ ಕೊಡೋ ಯಂತ್ರ. ಆದರೆ ಅದು ಪ್ರೋಗ್ರಾಮಿನ ದೋಷ, ಎರಡು ಕೆಲಸಗಳ ವೇಳೆ ಹೊಂದದೆ ಆದ ಬಗ್. ಪರದೆಯದಲ್ಲ.

— ಬಗ್ ಇದ್ದದ್ದು ನಿಜ, ಅದನ್ನು ಮರೆಮಾಚುವುದಿಲ್ಲ. 1985ರಿಂದ 87ರೊಳಗೆ ಅಮೆರಿಕ, ಕೆನಡಾಗಳಲ್ಲಿ ಆರು ಮಂದಿಗೆ ಆ ಯಂತ್ರ ವಿಪರೀತ ವಿಕಿರಣ ಕೊಟ್ಟಿತು. ಕನಿಷ್ಠ ಮೂವರು ಸತ್ತರು. ಟೆಕ್ಸಾಸ್‌ನ ಟೈಲರ್ ಊರಿನಲ್ಲಿ ಯಂತ್ರ ನಡೆಸುತ್ತಿದ್ದಾಕೆ ಒಂದಕ್ಷರ ತಪ್ಪಾಗಿ ಒತ್ತಿ, ತಕ್ಷಣ ಮೇಲೆ ಹೋಗಿ ತಿದ್ದಿ, ಮುಂದುವರಿದಳು. ಪರದೆಯ ಮೇಲೆ ತಿದ್ದಿದ್ದೇ ಕಾಣಿಸಿತು, ಯಂತ್ರದ ಒಳಗೆ ಮಾತ್ರ ಹಳೆಯ ಸ್ಥಿತಿ ಉಳಿದಿತ್ತು. ಆಮೇಲೆ ಪರದೆ ಹೇಳಿದ್ದು ‘ಮಾಲ್‌ಫಂಕ್ಷನ್ 54’ ಅಂತ. ಆ 54ಕ್ಕೆ ಏನರ್ಥ ಎಂಬುದಕ್ಕೆ ನಡೆಸುವವರ ಕೈಪಿಡಿಯಲ್ಲಿ ವಿವರಣೆ ಇರಲಿಲ್ಲ. ಇಂಥ ಸಂದೇಶಗಳು ದಿನವೂ ಬರುತ್ತಿದ್ದವು. ‘ಪಿ’ ಒತ್ತಿದರೆ ಯಂತ್ರ ಮುಂದುವರಿಯುತ್ತಿತ್ತು. ಆಕೆ ಒತ್ತಿದಳು. ಈಗ ಹೇಳು: ‘ರೋಗಿಗೆ ಮಿತಿಮೀರಿದ ವಿಕಿರಣ ಹೋಗಿರಬಹುದು, ನಿಲ್ಲಿಸಿ’ ಎಂದು ಆ ಪರದೆ ನೇರವಾಗಿ ಹೇಳಿದ್ದರೆ, ಒಂದೇ ಕೀಲಿ ಒತ್ತಿ ಮುಂದೆ ಹೋಗಲು ಬಿಡದೇ ಇದ್ದಿದ್ದರೆ, ಆಕೆ ಮುಂದುವರಿಸುತ್ತಿದ್ದಳೇ?

— ಇಲ್ಲ… ಆ ಸಂದೇಶ ಬರೆದವರು ತಮಗೋಸ್ಕರ ಬರೆದುಕೊಂಡಿದ್ದು.

— ಅಷ್ಟೇ. ಪರದೆಯ ಮೇಲಿನ ಪ್ರತಿ ಮಾತನ್ನೂ ಯಾರೋ ಒಬ್ಬರು ಕೂತು ಬರೆದಿರುತ್ತಾರೆ. ಯಾರಿಗಾಗಿ ಬರೆಯುತ್ತಿದ್ದೇವೆ ಎಂಬುದನ್ನು ಅವರಿಗೆ ನೆನಪಿಸುತ್ತಲೇ ಇರುವುದು ನನ್ನ ಕೆಲಸ. ಹಣದ ವಿಷಯಕ್ಕೆ ಬಂದರೆ, 2020ರ ಆಗಸ್ಟ್‌ನಲ್ಲಿ ಸಿಟಿಬ್ಯಾಂಕ್ ರೆವ್ಲಾನ್ ಕಂಪನಿಗೆ ಸಾಲ ಕೊಟ್ಟವರಿಗೆ 78 ಲಕ್ಷ ಡಾಲರ್ ಬಡ್ಡಿ ಕಳಿಸಲು ಹೋಗಿ ಸುಮಾರು 90 ಕೋಟಿ ಡಾಲರ್ ಕಳಿಸಿಬಿಟ್ಟಿತು. ಅಸಲು ಹೊರಗೆ ಹೋಗದೆ ಬ್ಯಾಂಕಿನ ಒಳಗಿನ ಖಾತೆಯಲ್ಲೇ ಉಳಿಯಬೇಕಾದರೆ ಮೂರು ಚೌಕಗಳಿಗೂ ಗುರುತು ಹಾಕಬೇಕಿತ್ತು. ಹಾಕಿದ್ದು ಒಂದಕ್ಕೆ. ಒಬ್ಬರಲ್ಲ, ಮೂವರು ನೋಡಿ ಒಪ್ಪಿಗೆ ಕೊಟ್ಟಿದ್ದರು! ಮೂವರಿಗೂ ಅದು ಸರಿ ಎಂದೇ ಕಂಡಿತ್ತು. ಸುಮಾರು 50 ಕೋಟಿ ಡಾಲರ್ ಕೂಡಲೇ ವಾಪಸು ಬರಲಿಲ್ಲ. ಹಣ ಇಟ್ಟುಕೊಳ್ಳಬಹುದೆಂದು 2021ರಲ್ಲಿ ಕೋರ್ಟು ಹೇಳಿತು, 2022ರಲ್ಲಿ ಮೇಲ್ಮನವಿ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಆ ತಂತ್ರಾಂಶ ಫ್ಲೆಕ್ಸ್‌ಕ್ಯೂಬ್. ಅದನ್ನು ಮೊದಲು ಕಟ್ಟಿದ್ದು ನಮ್ಮ ದೇಶದಲ್ಲೇ, ಮುಂಬಯಿ-ಬೆಂಗಳೂರುಗಳಲ್ಲಿ ಬೆಳೆದ ಐ-ಫ್ಲೆಕ್ಸ್ ಕಂಪನಿ. ಇಲ್ಲಿ ಕೂತು ನಾವು ಮಾಡುವ ಒಂದು ಚೌಕ ನ್ಯೂಯಾರ್ಕಿನ ಕೋರ್ಟಿನವರೆಗೂ ಹೋಗುತ್ತದೆ.

— ಆದರೂ ಒಂದು ಮಾತು ಚಿಕ್ಕಮ್ಮ. ಬ್ಯಾಂಕಿನವರು ಅದನ್ನೇ ದಿನವೂ ಬಳಸುವವರು. ಕಲಿಯಬೇಕಾದ್ದು ಅವರ ಕರ್ತವ್ಯ ಅಲ್ವಾ? ಎಲ್ಲವನ್ನೂ ನಾವೇ ಸುಲಭ ಮಾಡಿಕೊಡುತ್ತಾ ಹೋದರೆ ಜನ ಕಲಿಯೋದು ಯಾವಾಗ?

— ಲ್ಯಾರಿ ಟೆಸ್ಲರ್ ಇದಕ್ಕೆ ಒಳ್ಳೆಯ ಉತ್ತರ ಕೊಟ್ಟಿದ್ದಾರೆ. ಕಟ್, ಕಾಪಿ, ಪೇಸ್ಟ್ ಅಂತ ನೀನು ದಿನವೂ ಮಾಡುತ್ತೀಯಲ್ಲ, ಅದನ್ನು ಜೆರಾಕ್ಸ್‌ನ ಪಾರ್ಕ್ ಪ್ರಯೋಗಾಲಯದಲ್ಲಿ ರೂಪಿಸಿದವರಲ್ಲಿ ಅವರು ಮುಖ್ಯರು. ಯಾವ ಕೆಲಸದಲ್ಲೂ ಒಂದಿಷ್ಟು ತೊಡಕು ಇದ್ದೇ ಇರುತ್ತದೆ, ಅದನ್ನು ಇಲ್ಲವಾಗಿಸಲು ಆಗುವುದಿಲ್ಲ. ಅದನ್ನು ಯಾರು ಹೊರಬೇಕು ಅನ್ನುವುದೊಂದೇ ಪ್ರಶ್ನೆ. ಲಕ್ಷಾಂತರ ಜನ ಒಂದೊಂದು ನಿಮಿಷ ಒದ್ದಾಡುವುದಕ್ಕಿಂತ ಒಬ್ಬ ಇಂಜಿನಿಯರ್ ಒಂದು ವಾರ ಹೆಚ್ಚಿಗೆ ದುಡಿಯುವುದು ಲೇಸು ಎಂಬುದು ಅವರ ವಾದ. ಜನ ಕಲಿಯುತ್ತಾರೆ, ಕಲಿಯಲಿ. ಆದರೆ ಅವರು ತಮ್ಮ ಕಸುಬನ್ನು ಕಲಿಯಬೇಕು, ನಮ್ಮ ಸೋಮಾರಿತನವನ್ನಲ್ಲ.

— ಸರಿ, ಹಾಗಾದರೆ ಎಲ್ಲ ತಪ್ಪುಗಳನ್ನೂ ಮೊದಲೇ ಊಹಿಸಬೇಕು. ಅದು ಹೇಗೆ ಸಾಧ್ಯ?

— ಊಹಿಸುವುದಕ್ಕೆ ಆಗುವುದಿಲ್ಲ, ನೋಡಬೇಕು. ಈ ವೃತ್ತಿಯ ಅರ್ಧಕ್ಕಿಂತ ಹೆಚ್ಚಿನ ಪಾಲು ಬರೀ ನೋಡುವುದು. ಬಳಸುವವರ ಪಕ್ಕದಲ್ಲಿ ಕೂರುತ್ತೇವೆ. ‘ನಿಮ್ಮ ಮಗಳಿಗೆ ಎರಡು ಸಾವಿರ ಕಳಿಸಿ’ ಅನ್ನುವಂಥ ಒಂದು ಕೆಲಸ ಕೊಡುತ್ತೇವೆ. ‘ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಾ ಮಾಡಿ’ ಅನ್ನುತ್ತೇವೆ. ಆಮೇಲೆ ಸುಮ್ಮನಿರುತ್ತೇವೆ. ಈ ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟದ್ದು. ಸರಿಯಾದ ಬಟನ್ ಕಣ್ಣೆದುರೇ ಇರುತ್ತದೆ, ಅವರ ಬೆರಳು ಅದರ ಮೇಲೆ ಸುಳಿದು ವಾಪಸು ಹೋಗುತ್ತದೆ. ನಿನ್ನ ನಾಲಗೆ ತುದಿಗೆ ‘ಅಲ್ಲೇ ಒತ್ತಿ’ ಬಂದಿರುತ್ತದೆ. ಹೇಳಿದೆಯೋ, ಆ ಪರೀಕ್ಷೆ ಅಲ್ಲಿಗೆ ಮುಗಿಯಿತು. ಬೆರಳು ಯಾಕೆ ಹಿಂದೆ ಸರಿಯಿತು, ಯಾವ ಪದವನ್ನು ಎರಡು ಸಲ ತುಟಿ ಅಲ್ಲಾಡಿಸಿ ಓದಿದರು, ಎಲ್ಲಿ ಫೋನನ್ನು ದೂರ ಹಿಡಿದರು, ಎಲ್ಲಿ ಮಗನನ್ನು ಕರೆಯಲು ತಲೆ ತಿರುಗಿಸಿದರು, ಇವೆಲ್ಲ ಬರೆದಿಟ್ಟುಕೊಳ್ಳಬೇಕಾದವು.

— ಅವರನ್ನೇ ಕೇಳಿದರೆ ಆಗೋಲ್ವಾ?

— ಕೇಳಿದರೆ ‘ತುಂಬಾ ಚೆನ್ನಾಗಿದೆ’ ಅನ್ನುತ್ತಾರೆ. ನಮ್ಮ ಕಡೆ ಇದು ಇನ್ನೂ ಹೆಚ್ಚು. ಮನೆಗೆ ಬಂದವರ ಮುಂದೆ ಅವರ ಕೆಲಸವನ್ನು ಹೀಗಳೆಯುವುದು ನಮಗೆ ಆಗಿಬರುವುದಿಲ್ಲ. ಹತ್ತು ನಿಮಿಷ ಒದ್ದಾಡಿ ಕೊನೆಗೂ ಆಗದವರು ಕೂಡ, ‘ನಂದೇ ತಪ್ಪಮ್ಮ, ನಾನು ಓದಿದವಳಲ್ಲ’ ಅನ್ನುತ್ತಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಒಂದು ಕಂಪನಿಯ ಕೆಟ್ಟ ಕೆಲಸದ ಭಾರವನ್ನು ಒಬ್ಬ ತಾಯಿ ತನ್ನ ಓದಿನ ಕೊರತೆ ಎಂದು ತಲೆ ಮೇಲೆ ಹೊತ್ತುಕೊಳ್ಳುತ್ತಾಳೆ. ಅದಕ್ಕೇ ನಾನು ‘ಹೇಗಿದೆ’ ಅಂತ ಕೇಳುವುದಿಲ್ಲ. ‘ಇದನ್ನು ನಿಮ್ಮ ಅಕ್ಕನಿಗೆ ಫೋನಿನಲ್ಲಿ ಹೇಳಿಕೊಡಬೇಕಾದರೆ ಹೇಗೆ ಹೇಳುತ್ತೀರಿ?’ ಅಂತ ಕೇಳುತ್ತೇನೆ. ಹೇಳಿಕೊಡಲು ಹೊರಟಾಗ ಎಲ್ಲಿ ತಡವರಿಸುತ್ತಾರೋ ಅಲ್ಲಿ ನಮ್ಮ ದೋಷ ಇರುತ್ತದೆ.

— ಎಷ್ಟು ಜನರನ್ನು ನೋಡಬೇಕು? ಐದು ಜನ ಸಾಕು ಅಂತ ಎಲ್ಲೋ ಓದಿದ್ದೆ.

— ಅದು ಯಾಕೋಬ್ ನೀಲ್ಸನ್ ಅವರ ಮಾತು, 2000ದಲ್ಲಿ ಬರೆದದ್ದು. ಐವರನ್ನು ನೋಡಿದರೆ ಹೆಚ್ಚಿನ ತೊಂದರೆಗಳು ಹೊರಗೆ ಬರುತ್ತವೆ, ತಿದ್ದಿ, ಮತ್ತೆ ಐವರನ್ನು ನೋಡಿ ಅಂತ. ಮಾತು ಸರಿ. ಆದರೆ ಇಂದಿರಾನಗರದ ಆಫೀಸಿನ ಐವರು ಕನ್ನಡನಾಡಿನ ಐವರು ಅಲ್ಲ. ಬೀದರಿನ ಅಂಗಡಿಯವರು, ಕುಂದಾಪುರದ ಮೀನು ಮಾರುವಾಕೆ, ಕಣ್ಣು ಕಾಣದ ಕಾಲೇಜು ಹುಡುಗ, ಅಕ್ಷರವನ್ನು ದೊಡ್ಡದು ಮಾಡಿ ಇಟ್ಟುಕೊಂಡಿರುವ ನಿವೃತ್ತ ಮೇಷ್ಟ್ರು ಇವರಲ್ಲಿ ಒಬ್ಬೊಬ್ಬರದೂ ಬೇರೆ ಬೇರೆ ಐವರು.

— ನಮ್ಮಲ್ಲಿ ಚೆನ್ನಾಗಿ ಮಾಡಿದ್ದು ಅಂತ ಏನಾದರೂ ಇದೆಯಾ? ಎಲ್ಲ ಉದಾಹರಣೆಗಳೂ ಅಮೆರಿಕದವೇ ಆದವು.

— ಇದೆ, ಹೆಮ್ಮೆಯಿಂದ ಹೇಳುವಂಥದ್ದೇ ಇದೆ. ಮತಯಂತ್ರ ನೋಡು. ಅದನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ನಮ್ಮ ಬೆಂಗಳೂರಿನ ಬಿಇಎಲ್. ಅದರ ರೂಪವಿನ್ಯಾಸ ಐಐಟಿ ಮುಂಬಯಿಯ ವಿನ್ಯಾಸ ವಿಭಾಗವಾದ ಐಡಿಸಿಯ ಎ. ಜಿ. ರಾವ್ ಮತ್ತು ರವಿ ಪೂವಯ್ಯ ಅವರದು. ಹೆಸರು, ಚಿಹ್ನೆ, ಅದರ ಎದುರಿಗೆ ಒಂದು ನೀಲಿ ಗುಂಡಿ, ಒತ್ತಿದರೆ ಕೆಂಪು ದೀಪ, ಉದ್ದನೆಯ ಬೀಪ್. ಒಂದು ಸಾಲಿಗೆ ಒಂದೇ ಗುಂಡಿ. ಓದು ಬಾರದವರಿಗೆ ಚಿಹ್ನೆ ಇದೆ, ಕಣ್ಣು ಕಾಣದವರಿಗೆ ಗುಂಡಿಯ ಪಕ್ಕ ಬ್ರೈಲ್ ಇದೆ. ಒಮ್ಮೆ ಒತ್ತಿದ ಮೇಲೆ ಎಷ್ಟು ಸಲ ಒತ್ತಿದರೂ ಲೆಕ್ಕಕ್ಕಿಲ್ಲ, ಅಧಿಕಾರಿ ತಮ್ಮ ಕಡೆಯಿಂದ ಬಿಟ್ಟರೆ ಮಾತ್ರ ಮುಂದಿನ ಮತ. ಗಾಬರಿಯಲ್ಲಿ ಎರಡು ಸಲ ಒತ್ತಿದ ಅಜ್ಜಿಗೂ ಏನೂ ಕೆಡುವುದಿಲ್ಲ. ವಿವಿಪ್ಯಾಟ್ ಬಂದ ಮೇಲೆ ಚೀಟಿ ಏಳು ಸೆಕೆಂಡ್ ಕಣ್ಣೆದುರು ನಿಲ್ಲುತ್ತದೆ. ಯಾವ ತರಬೇತಿಯೂ ಇಲ್ಲದೆ ಕೋಟ್ಯಂತರ ಜನ ಬಳಸುವ ಯಂತ್ರ ಅದು. ಅದರ ಹಿಂದೆ 1951-52ರ ಮೊದಲ ಚುನಾವಣೆಯ ಬುದ್ಧಿವಂತಿಕೆಯೂ ಇದೆ. ಆಗ ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಚಿಹ್ನೆ.

— ಇದನ್ನು ಯಾವತ್ತೂ ಇಂಟರ್‌ಫೇಸ್ ಅಂತ ಯೋಚಿಸಿರಲಿಲ್ಲ.

— ಇನ್ನೊಂದು ಹೇಳ್ತೀನಿ, ಇದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ನಮ್ಮ ‘ಭೂಮಿ’ ಯೋಜನೆ. ಪಹಣಿಯನ್ನು ಕಂಪ್ಯೂಟರಿಗೆ ಹಾಕಿ, 177 ತಾಲ್ಲೂಕು ಕಚೇರಿಗಳ ಕೌಂಟರಿನಲ್ಲಿ 15 ರೂಪಾಯಿಗೆ ಕೊಡಲು ಶುರುಮಾಡಿದರು. ಆ ಕೌಂಟರುಗಳಲ್ಲಿ ರೈತರ ಕಡೆಗೆ ಮುಖ ಮಾಡಿದ ಎರಡನೇ ಪರದೆ ಇಟ್ಟಿದ್ದರು. ಒಳಗೆ ಕೂತವರು ಏನು ಟೈಪ್ ಮಾಡುತ್ತಿದ್ದಾರೆ ಅನ್ನುವುದು ಹೊರಗೆ ನಿಂತವರಿಗೂ ಕಾಣಲಿ ಅಂತ. ತಲೆಮಾರುಗಳಿಂದ ಕಡತದ ಬೆನ್ನು ಮಾತ್ರ ನೋಡಿದ್ದ ರೈತನಿಗೆ ತನ್ನ ಸರ್ವೆ ನಂಬರು ಕಣ್ಣೆದುರು ಮೂಡುವುದು ಎಷ್ಟು ದೊಡ್ಡ ಮಾತು, ಯೋಚಿಸು. ಆ ಎರಡನೇ ಪರದೆಯಲ್ಲಿ ಬಣ್ಣವೂ ಇರಲಿಲ್ಲ, ಅಲಂಕಾರವೂ ಇರಲಿಲ್ಲ. ಅದು ಎತ್ತ ಮುಖ ಮಾಡಿದೆ ಎಂಬುದಷ್ಟೇ ವಿನ್ಯಾಸ. ಈಗ ಅಂಗಡಿಗಳಲ್ಲಿ ‘ಇಷ್ಟು ರೂಪಾಯಿ ಬಂದಿದೆ’ ಎಂದು ಕೂಗುವ ಯುಪಿಐ ಪೆಟ್ಟಿಗೆಯೂ ಹಾಗೆಯೇ. ಹೂ ಕಟ್ಟುವ ಕೈ ಬಿಡುವಿಲ್ಲದಾಗ ಕಿವಿಗೆ ಹೇಳಿದರೆ ಸಾಕು ಅನ್ನುವುದನ್ನು ಯಾರೋ ಮಾರುಕಟ್ಟೆಯಲ್ಲಿ ನಿಂತು ನೋಡಿದ್ದಾರೆ.

— ಹಾಗಾದರೆ ಕನ್ನಡದ ಆ್ಯಪ್‌ಗಳು ಯಾಕೆ ಇಷ್ಟು ಕೆಟ್ಟದಾಗಿರುತ್ತವೆ? ನಾನೇ ಭಾಷೆಯನ್ನು ಇಂಗ್ಲಿಷ್‌ಗೆ ಬದಲಾಯಿಸಿಕೊಂಡುಬಿಡ್ತೀನಿ.

— ಇಂಗ್ಲಿಷಿಗೆ ಹೊಲಿದ ಅಂಗಿಯನ್ನು ಕನ್ನಡಕ್ಕೆ ತೊಡಿಸುತ್ತಾರೆ, ಅದಕ್ಕೆ. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಲೆಕ್ಕ ಹಾಕಿರುತ್ತಾರೆ. ‘ರಾಷ್ಟ್ರೀಯ’ ಅಂತ ಬಂದರೆ ಕೆಳಗಿನ ಒತ್ತು ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಚಿಕ್ಕ ಬಟನ್ನಿನಲ್ಲಿ ಉದ್ದದ ಕನ್ನಡ ಪದ ಹಿಡಿಸದೆ ಕೊನೆಗೆ ಮೂರು ಚುಕ್ಕೆ ಬೀಳುತ್ತದೆ. ಇನ್ನು ಹೆಸರು! ‘ಸರ್‌ನೇಮ್’ ಎಂಬ ಖಾನೆ, ಅದರ ತಲೆ ಮೇಲೆ ಕಡ್ಡಾಯದ ಕೆಂಪು ನಕ್ಷತ್ರ. ನಮ್ಮಲ್ಲಿ ಎಷ್ಟು ಜನಕ್ಕೆ ಮನೆತನದ ಹೆಸರಿದೆ? ಊರಿನದೊಂದು, ಅಪ್ಪನದೊಂದು ಇನಿಷಿಯಲ್, ಮುಗಿಯಿತು. ಒಬ್ಬರು ಅಲ್ಲಿ ಚುಕ್ಕೆ ಹಾಕುತ್ತಾರೆ, ಇನ್ನೊಬ್ಬರು ತಮ್ಮ ಹೆಸರನ್ನೇ ಮತ್ತೆ ಬರೆಯುತ್ತಾರೆ, ಮತ್ತೊಬ್ಬರು ಇನಿಷಿಯಲ್ಲನ್ನು ಬಿಡಿಸಿ ಬರೆಯುತ್ತಾರೆ. ಒಂದು ದಾಖಲೆಯಲ್ಲಿ ಒಂದು ಥರ, ಮತ್ತೊಂದರಲ್ಲಿ ಮತ್ತೊಂದು ಥರ. ಆಮೇಲೆ ‘ಹೆಸರು ಹೊಂದುತ್ತಿಲ್ಲ’ ಎಂದು ಪಿಂಚಣಿ ನಿಲ್ಲುತ್ತದೆ. ಆ ಒಂದು ಖಾನೆಯಿಂದ ಎಷ್ಟು ಮಂದಿ ನೋಟರಿ ಮುಂದೆ ಅಫಿಡವಿಟ್ ಹಿಡಿದು ನಿಲ್ಲಬೇಕಾಗಿದೆ!

ಕನ್ನಡಕ್ಕೆ ಅಂತಲೇ ಯೋಚಿಸಿದರೆ ಏನಾಗುತ್ತದೆ ಎಂಬುದಕ್ಕೆ ಕೆ. ಪಿ. ರಾವ್ ಅವರ ಕೀಲಿಮಣೆ ಸಾಕ್ಷಿ. ಟೈಪ್‌ರೈಟರಿನಲ್ಲಿ ಅಕ್ಷರವನ್ನು ತುಂಡು ತುಂಡಾಗಿ ಜೋಡಿಸಬೇಕಿತ್ತು. ಅವರು ಉಚ್ಚಾರಣೆಯ ಕ್ರಮವನ್ನೇ ಕೀಲಿಗಳಿಗೆ ತಂದರು. ‘ಕ’ ಒತ್ತು, ಎಫ್ ಕೀಲಿ ಒತ್ತು, ‘ಷ’ ಒತ್ತು, ‘ಕ್ಷ’ ಬಂತು. ಮೂಡುವ ಆಕಾರದ ಚಿಂತೆ ಯಂತ್ರಕ್ಕೆ, ಬರೆಯುವವರಿಗೆ ಮಾತಿನ ಚಿಂತೆ ಮಾತ್ರ. ‘ನುಡಿ’ ತಂತ್ರಾಂಶದಲ್ಲಿ ನಾವು ಬಳಸುವುದು ಅದನ್ನೇ. ಟೆಸ್ಲರ್ ಹೇಳಿದ ತೊಡಕಿನ ಭಾರವನ್ನು ಇಲ್ಲಿ ಒಬ್ಬರು ಹೊತ್ತು ಕನ್ನಡಿಗರೆಲ್ಲರಿಗೆ ಇಳಿಸಿಕೊಟ್ಟರು.

— ಈಗ ಎಐ ಒಂದು ನಿಮಿಷದಲ್ಲಿ ಹತ್ತು ಸ್ಕ್ರೀನ್ ಬರೆದುಕೊಡುತ್ತೆ. ನಾನು ಓದಿ ಮುಗಿಸೋ ಹೊತ್ತಿಗೆ ಈ ಕೆಲಸ ಇರುತ್ತಾ?

— ಬರೀ ಸ್ಕ್ರೀನ್ ಬರೆಯುವ ಕೆಲಸ ಕಡಿಮೆಯಾಗುತ್ತದೆ, ಆಗಲೇ ಆಗುತ್ತಿದೆ. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಆದರೆ ಆ ಹತ್ತರಲ್ಲಿ ಯಾವುದು ಕುಂದಾಪುರದ ಮೀನು ಮಾರುಕಟ್ಟೆಯಲ್ಲಿ, ಬಿಸಿಲಿನಲ್ಲಿ, ಒದ್ದೆ ಕೈಯಲ್ಲಿ ಕೆಲಸ ಮಾಡುತ್ತದೆ ಎಂದು ಹೇಳಲು ಯಾರೋ ಅಲ್ಲಿಗೆ ಹೋಗಿ ನಿಲ್ಲಬೇಕು. ನೀನು ಅದನ್ನು ಕಲಿ. ಸ್ಕ್ರೀನ್ ಬಿಡಿಸುವ ಫಿಗ್ಮಾ ತಂತ್ರಾಂಶ ಎರಡು ತಿಂಗಳಲ್ಲಿ ಬರುತ್ತದೆ.

— ಓದೋಕೆ ಎಲ್ಲಿಗೆ ಹೋಗಲಿ?

— ಸಿಇಇಡಿ ಪರೀಕ್ಷೆ ಬರೆದರೆ ಐಐಟಿಗಳ, ನಮ್ಮ ಐಐಎಸ್‌ಸಿಯ ಎಂ.ಡೆಸ್. ಎಂಬ ವಿನ್ಯಾಸದ ಸ್ನಾತಕೋತ್ತರ ಪದವಿಯ ಬಾಗಿಲು ತೆರೆಯುತ್ತದೆ. ಎನ್ಐಡಿಗೆ ಬೇರೆ ಪ್ರವೇಶ ಪರೀಕ್ಷೆ ಇದೆ, ಅದರ ಕ್ಯಾಂಪಸ್ ಬೆಂಗಳೂರಿನಲ್ಲೂ ಇದೆ. ಓದದೆಯೂ ಬಂದವರು ಬಹಳ ಮಂದಿ ಇದ್ದಾರೆ. ಸಂದರ್ಶನಕ್ಕೆ ಬಂದವರ ಪೋರ್ಟ್‌ಫೋಲಿಯೊದಲ್ಲಿ ನಾನು ಚಂದದ ಚಿತ್ರ ಹುಡುಕುವುದಿಲ್ಲ. ಯಾರನ್ನು ನೋಡಿದಿರಿ, ಅವರು ಎಲ್ಲಿ ಎಡವಿದರು, ಅದರಿಂದ ನೀವು ಏನು ಬದಲಿಸಿದಿರಿ, ಬದಲಿಸಿದ ಮೇಲೆ ಮತ್ತೆ ನೋಡಿದಿರಾ ಎಂದು ಕೇಳುತ್ತೇನೆ.

— ಕಂಪನಿಯೇ ‘ಜನ ಎಡವಲಿ’ ಅಂದರೆ? ಟಿಕೆಟ್ ಬುಕ್ ಮಾಡುವಾಗ ತಾನಾಗೇ ವಿಮೆ ಸೇರಿಕೊಂಡಿರುತ್ತಲ್ಲ, ರದ್ದು ಮಾಡೋ ಬಟನ್ ಎಲ್ಲೋ ಬಚ್ಚಿಟ್ಟಿರ್ತಾರಲ್ಲ, ಅದನ್ನೂ ನಮ್ಮಂಥವರೇ ಮಾಡಿದ್ದಲ್ವಾ?

— ಹೌದು, ನಮ್ಮವರೇ ಮಾಡಿದ್ದು, ಗೊತ್ತಿದ್ದೇ ಮಾಡಿದ್ದು. ಹ್ಯಾರಿ ಬ್ರಿಗ್ನಲ್ 2010ರಲ್ಲಿ ಅದಕ್ಕೆ ‘ಡಾರ್ಕ್ ಪ್ಯಾಟರ್ನ್’ ಅಂತ ಹೆಸರಿಟ್ಟರು. 2023ರ ನವೆಂಬರ್‌ನಲ್ಲಿ ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ 13 ಬಗೆಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಕೇಳದೆ ಬುಟ್ಟಿಗೆ ಸಾಮಾನು ಸೇರಿಸುವುದು, ‘ಇನ್ನು ಐದೇ ನಿಮಿಷ’ ಎಂಬ ಸುಳ್ಳು ಅವಸರ, ಬೇಡ ಅಂದವರನ್ನು ನಾಚಿಸುವ ಮಾತು ಎಲ್ಲ ಅದರಲ್ಲಿವೆ. ಈಗ ನಿನ್ನ ಕೈಯಲ್ಲಿ ಕಾನೂನು ಇದೆ. ಮಾಡು ಅಂದರೆ ಆಗುವುದಿಲ್ಲ ಅನ್ನು, ಯಾಕೆ ಆಗುವುದಿಲ್ಲ ಎಂದು ಇಮೇಲ್‌ನಲ್ಲಿ ಬರೆದು ಕೊಡು. ಜನರ ಕಣ್ಣು ಎಲ್ಲಿ ಹೋಗುತ್ತದೆ, ಬೆರಳು ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಅವರು ನಂಬಿ ನಮಗೆ ತೋರಿಸಿದ್ದಾರೆ. ಅದನ್ನೇ ಅವರ ಜೇಬಿಗೆ ಕೈ ಹಾಕಲು ಬಳಸುವುದು ದ್ರೋಹ. ಇದಕ್ಕೆ ಬೇರೆ ಮೆದು ಪದ ನನಗೆ ಬೇಡ.

— ಶುರು ಎಲ್ಲಿಂದ ಮಾಡಲಿ?

— ಊರಿನ ಸೈಬರ್ ಸೆಂಟರಿನಿಂದ. ವಿದ್ಯಾರ್ಥಿವೇತನಕ್ಕೆ, ಜಾತಿ ಪ್ರಮಾಣಪತ್ರಕ್ಕೆ, ಬೆಳೆವಿಮೆಗೆ ಜನ ದುಡ್ಡು ಕೊಟ್ಟು ಅರ್ಜಿ ತುಂಬಿಸಿಕೊಳ್ಳುತ್ತಾರಲ್ಲ, ಅಲ್ಲಿ ಕೂತಿರುವ ಹುಡುಗನಿಗೆ ಯಾವ ಪುಟ ಎಲ್ಲಿ ಕೈಕೊಡುತ್ತದೆ ಎಂದು ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಫೋಟೊ ಎಷ್ಟು ಕೆಬಿಗೆ ಇಳಿಸಬೇಕು, ಯಾವ ಖಾನೆಗೆ ಕನ್ನಡ ಹಾಕಿದರೆ ಅರ್ಜಿ ನಿಲ್ಲುತ್ತದೆ, ಒಟಿಪಿ ಬರುವಷ್ಟರಲ್ಲಿ ಯಾವ ಪುಟದ ಸಮಯ ಮುಗಿದುಹೋಗುತ್ತದೆ, ಎಲ್ಲ ಬಾಯಿಪಾಠ. ಜನ ಅವನಿಗೆ ಕೊಡುವ ಆ ದುಡ್ಡು, ಪೋರ್ಟಲ್ ಮಾಡಿದವರು ಮಾಡದೆ ಬಿಟ್ಟ ಕೆಲಸದ ಬೆಲೆ. ಅವನ ಪಕ್ಕ ಕೂತು, ಬಂದವರ ಒಪ್ಪಿಗೆ ಕೇಳಿ, ನೋಡು, ಬರೆದುಕೊ.

— ಬರೆದುಕೊಂಡು ಯಾರಿಗೆ ಕೊಡಲಿ? ಯಾರು ಕೇಳ್ತಾರೆ?

— ಕೇಳುವಂತೆ ನಾವೆಲ್ಲ ಒತ್ತಾಯಿಸಬೇಕು. ಭೂಮಿಯ ಎರಡನೇ ಪರದೆ ಇಟ್ಟ ಸರ್ಕಾರ ಇದನ್ನೂ ಮಾಡಬಲ್ಲದು. ಯಾವ ಪೋರ್ಟಲ್ಲನ್ನೇ ಆಗಲಿ ಬಿಡುಗಡೆ ಮಾಡುವ ಮೊದಲು ಕನ್ನಡದಲ್ಲೇ ಬಳಸುವ ಜನರ ಕೈಗೆ ಕೊಟ್ಟು, ತಾಲ್ಲೂಕು ಮಟ್ಟದಲ್ಲಿ ಪರೀಕ್ಷಿಸಿ, ಕಂಡ ದೋಷ ತಿದ್ದಿದ ಮೇಲೆಯೇ ಗುತ್ತಿಗೆಯ ಕೊನೆಯ ಕಂತು ಕೊಡುವುದು ಎಂದು ಟೆಂಡರಿನಲ್ಲೇ ಷರತ್ತು ಬರೆಯಲಿ. ಹಾಗೆ ಪರೀಕ್ಷಿಸಲು ಕನ್ನಡ ಚೆನ್ನಾಗಿ ಬಲ್ಲ, ಪಕ್ಕದಲ್ಲಿ ಸುಮ್ಮನೆ ಕೂರಬಲ್ಲ ನೂರಾರು ಹುಡುಗ ಹುಡುಗಿಯರು ಬೇಕು, ಈಗ ನಮ್ಮಲ್ಲಿ ಅಷ್ಟು ಜನ ಇಲ್ಲ. ನೀನು ಬಾ, ನಿನ್ನ ಜೊತೆಗೆ ಇನ್ನೂ ನಾಲ್ಕು ಜನರನ್ನು ಕರೆದುಕೊಂಡು ಬಾ.